ಹೊಸಮನೆಯಿಂದ ಹೆಸರಿಗೆ: ‘ಶಾವಿಯೇರ್’ ಎಂಬ ಅಂಕಿತನಾಮದ ಹುಟ್ಟು, ಬಳಕೆ ಮತ್ತು ರೂಪಭೇದಗಳು

ಸಾರಾಂಶ

ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಅಂಕಿತನಾಮವನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ. ಇಂದಿನ ಸ್ಪ್ಯಾನಿಷಿನಲ್ಲಿ ‘ಹಾವಿಯೇರ್’, ಪೋರ್ಚುಗೀಸಿನಲ್ಲಿ ‘ಶಾವಿಯೇರ್’, ಬಾಸ್ಕ್ ಭಾಷೆಯಲ್ಲಿ ‘ಶಬಿಯೇರ್’ ಎನಿಸಿಕೊಳ್ಳುವ ಈ ಹೆಸರು ಮೂಲತಃ ವ್ಯಕ್ತಿಯದಲ್ಲ, ಒಂದು ಸ್ಥಳದ್ದು. ಅದರ ಮೂಲಾರ್ಥ ‘ಹೊಸಮನೆ’. ಸ್ಥಳನಾಮವು ಮನೆತನದ ಗುರುತಾಗಿ, ಸಂತನೊಬ್ಬನ ವಿಶೇಷಣವಾಗಿ, ಕೊನೆಗೆ ಮಕ್ಕಳಿಗೆ ಇಡುವ ಹೆಸರಾಗಿ ಬೆಳೆದ ಕ್ರಮವನ್ನು ಮೊದಲ ಭಾಗದಲ್ಲಿ ವಿವರಿಸಿದ್ದೇವೆ. ಅದೇ ಹೆಸರು ಬೇರೆ ಬೇರೆ ಭಾಷೆಗಳಲ್ಲಿ ತಾಳಿರುವ ರೂಪಗಳು ಅದು ಕಿವಿಯ ಮೂಲಕ ಬಂದಿತೋ, ಬರಹದ ಮೂಲಕ ಬಂದಿತೋ, ಲ್ಯಾಟಿನ್ ಪಾಠದ ಮೂಲಕ ಬಂದಿತೋ ಎಂಬುದನ್ನು ಸೂಚಿಸುತ್ತವೆ ಎಂದು ಎರಡನೆಯ ಭಾಗದಲ್ಲಿ ವಾದಿಸಿದ್ದೇವೆ. ಈ ನೆಲೆಯಿಂದ ನೋಡಿದಾಗ ‘ಚೌರಪ್ಪ’ದಂತಹ ರೂಪಗಳನ್ನು ಅಪಭ್ರಂಶವೆಂದು ತಳ್ಳಿಹಾಕಲು ಆಧಾರವಿಲ್ಲ.

ಕೀಲಿಪದಗಳು: ನಾಮವಿಜ್ಞಾನ, ಅಂಕಿತನಾಮ, ಸ್ಥಳನಾಮ, ಬಾಸ್ಕ್, ಧ್ವನಿವ್ಯತ್ಯಾಸ, ಲಿಪ್ಯಂತರ

1. ಪೀಠಿಕೆ

ಹೆಸರಿಗೆ ಅರ್ಥವಿದೆಯೇ ಎಂಬುದು ಭಾಷಾಚಿಂತನೆಯ ಹಳೆಯ ಪ್ರಶ್ನೆಗಳಲ್ಲಿ ಒಂದು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಅನುಸರಿಸುವ ಕನ್ನಡದ ವ್ಯಾಕರಣ ಪರಂಪರೆ ನಾಮಪದಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ವಿಂಗಡಿಸುತ್ತದೆ. ಗುಣ, ಸ್ಥಿತಿ ಅಥವಾ ವೃತ್ತಿಯಿಂದ ಬಂದುದು ಅನ್ವರ್ಥ. ವ್ಯಕ್ತಿಯನ್ನೋ ಸ್ಥಳವನ್ನೋ ಗುರುತಿಸಲು ಇಟ್ಟುದು ಅಂಕಿತ. ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಪ್ರಕಟವಾದ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ ಇದೇ ವಿಚಾರವನ್ನು ಇನ್ನೊಂದು ಬಗೆಯಲ್ಲಿ ಮುಂದಿಟ್ಟನು. ಡಾರ್ಟ್ ನದಿಯ ಮುಖದಲ್ಲಿರುವುದರಿಂದ ಒಂದು ಊರಿಗೆ ‘ಡಾರ್ಟ್‌ಮತ್’ ಎಂಬ ಹೆಸರು ಬಂದಿರಬಹುದು; ನಾಳೆ ನದಿಯು ತನ್ನ ಪಾತ್ರವನ್ನು ಬದಲಿಸಿದರೂ ಊರಿನ ಹೆಸರು ಸುಳ್ಳಾಗುವುದಿಲ್ಲ. ಹೆಸರು ಒಮ್ಮೆ ಅಂಟಿಕೊಂಡ ಮೇಲೆ ತನ್ನ ಅರ್ಥದ ಹಂಗಿಲ್ಲದೆ ನಿಲ್ಲಬಲ್ಲದು ಎಂಬುದು ಅವನ ನಿಲುವು.

ಅನ್ವರ್ಥವಾಗಿ ಹುಟ್ಟಿದ ಹೆಸರು ಅಂಕಿತವಾಗಿ ನೆಲೆಗೊಳ್ಳುವ ಬಗೆಯನ್ನು ತಿಳಿಯಲು ನಾವು ಆರಿಸಿಕೊಂಡಿರುವ ನಿದರ್ಶನ ‘ಶಾವಿಯೇರ್’. ಸ್ಪ್ಯಾನಿಷ್ ಜಗತ್ತಿನಲ್ಲಿ ಈ ಹೆಸರು ಸರ್ವಸಾಮಾನ್ಯ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಪೆರು ದೇಶದ ಹಾವಿಯೇರ್ ಪೆರೆಸ್ ದೆ ಕ್ವೆಯಾರ್ (1920–2020), ಸ್ಪೇನಿನ ಕಾದಂಬರಿಕಾರ ಹಾವಿಯೇರ್ ಮರಿಯಾಸ್ (1951–2022) ನಮ್ಮ ಓದುಗರಿಗೂ ಪರಿಚಿತರು. ಕರ್ನಾಟಕದಲ್ಲಿ ಇದೇ ಹೆಸರು ಕ್ಸೇವಿಯರ್, ಝೇವಿಯರ್, ಸೇವಿಯರ್ ಎಂಬ ಬರಹಗಳಲ್ಲಿಯೂ ಚೌರಪ್ಪ ಎಂಬ ರೂಪದಲ್ಲಿಯೂ ಕಾಣಸಿಗುತ್ತದೆ. ಇವುಗಳಲ್ಲಿ ಯಾವುದು ‘ಸರಿ’ ಎಂಬ ಪ್ರಶ್ನೆ ಲಿಪ್ಯಂತರ ಮಾಡುವವರನ್ನೂ ಗ್ರಂಥಸೂಚಿ ಸಿದ್ಧಪಡಿಸುವವರನ್ನೂ ಕಾಡುತ್ತದೆ. ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಹೆಸರಿನ ತವರಿಗೇ ಹೋಗಬೇಕಾಗುತ್ತದೆ.

2. ಬಾಸ್ಕ್ ಮೂಲ

ಸ್ಪೇನಿನ ಉತ್ತರದಲ್ಲಿ, ಪಿರನೀಸ್ ಪರ್ವತಶ್ರೇಣಿಯ ತಪ್ಪಲಿನಲ್ಲಿ ನವಾರ್ರಾ ಪ್ರಾಂತವಿದೆ. ಅದರ ಪೂರ್ವದ ಅಂಚಿನಲ್ಲಿ, ಆರಗಾನ್ ಪ್ರಾಂತದ ಗಡಿಗೆ ತಾಗಿದಂತೆ, ಒಂದು ಹಳೆಯ ಕೋಟೆಮನೆಯೂ ಅದೇ ಹೆಸರಿನ ಪುಟ್ಟ ಊರೂ ಇವೆ. ನಮ್ಮ ಚರ್ಚೆಯ ಹೆಸರು ಹುಟ್ಟಿದುದು ಅಲ್ಲಿ. ಸ್ಪ್ಯಾನಿಷ್, ಪೋರ್ಚುಗೀಸ್ ಎರಡೂ ಲ್ಯಾಟಿನ್ ಸಂತತಿಯ ಭಾಷೆಗಳಾದರೂ ಈ ಹೆಸರಿನ ಬೇರು ಲ್ಯಾಟಿನಿನದಲ್ಲ. ಸುತ್ತಲಿನ ಯಾವ ಭಾಷೆಯೊಡನೆಯೂ ಸಂಬಂಧ ಸಿದ್ಧವಾಗದೆ ಒಂಟಿಯಾಗಿ ಉಳಿದಿರುವ ಬಾಸ್ಕ್ ಭಾಷೆಯದು.

ಬಾಸ್ಕ್ ಭಾಷೆಯಲ್ಲಿ ‘ಎಚೆ’ ಎಂದರೆ ಮನೆ, ‘ಬೆರ್ರಿ’ ಎಂದರೆ ಹೊಸತು. ಆ ಭಾಷೆಯಲ್ಲಿ ಗುಣವಾಚಕವು ನಾಮಪದದ ಅನಂತರ ಬರುತ್ತದೆ. ಆದ್ದರಿಂದ ನಾವು ‘ಹೊಸಮನೆ’ ಎನ್ನುವಲ್ಲಿ ಬಾಸ್ಕರು ‘ಮನೆ–ಹೊಸ’ ಎನ್ನುವ ಕ್ರಮದಲ್ಲಿ ‘ಎಚೆಬೆರ್ರಿ’ ಎನ್ನುತ್ತಾರೆ. ಇದಕ್ಕೆ ನಿರ್ದೇಶಕ ಪ್ರತ್ಯಯವಾದ ‘ಆ’ ಸೇರಿದರೆ ‘ಎಚೆಬೆರ್ರಿಯಾ’, ಅಂದರೆ ‘ಆ ಹೊಸಮನೆ’. ಇದು ಬಾಸ್ಕ್ ಮನೆತನಗಳಲ್ಲಿ ಬಹಳ ಪ್ರಸಿದ್ಧವಾದ ಹೆಸರು. ಸ್ಪ್ಯಾನಿಷ್ ಬರಹದಲ್ಲಿ ‘ಎಚೆವೆರ್ರಿಯಾ’ ಆಗಿ, ವಲಸೆಹೋದವರೊಡನೆ ಅಟ್ಲಾಂಟಿಕ್ ದಾಟಿ ಅಮೆರಿಕ ಖಂಡದಲ್ಲೆಲ್ಲ ಹರಡಿತು. ಅರ್ಜೆಂಟೀನದ ಲೇಖಕ ಎಸ್ತೆಬಾನ್ ಎಚೆವೆರ್ರಿಯಾ (1805–1851) ಹೊತ್ತಿದ್ದುದು ಈ ಮನೆತನದ ಹೆಸರನ್ನೇ.

ಬಾಸ್ಕ್ ಭಾಷೆಯ ಸಮಾಸಗಳಲ್ಲಿ ಪೂರ್ವಪದದ ಕೊನೆಯ ಎಕಾರ ಅಕಾರವಾಗುವುದು ವಾಡಿಕೆ. ಹೀಗಾಗಿ ‘ಎಚೆ’ಯು ಸಮಾಸದಲ್ಲಿ ‘ಎಚ’ ಆಗುತ್ತದೆ. ಮನೆತನದ ಹೆಸರುಗಳನ್ನು ಕುರಿತ ಕೋಲ್ದೋ ಮಿಚೆಲೆನಾ ಅವರ ಅಧ್ಯಯನ ಇಂತಹ ರೂಪಗಳನ್ನು ವಿಪುಲವಾಗಿ ಒದಗಿಸುತ್ತದೆ. ‘ಹೊಸ’ ಎಂಬ ಪದಕ್ಕೂ ಎರಡು ಉಪಭಾಷಾರೂಪಗಳಿವೆ: ಪೂರ್ವದಲ್ಲಿಯೂ ಮಧ್ಯಭಾಗದಲ್ಲಿಯೂ ‘ಬೆರ್ರಿ’, ಪಶ್ಚಿಮದ ಬಿಸ್ಕಾಯ ಸೀಮೆಯಲ್ಲಿ ‘ಬಾರ್ರಿ’. ಪಶ್ಚಿಮದ ರೂಪದಿಂದ ಎಚಬಾರ್ರಿ, ಆದಿಸ್ವರ ಲೋಪವಾದಾಗ ಚಾಬಾರ್ರಿ, ಚಾವಾರ್ರಿಯಾ ಎಂಬ ಮನೆತನದ ಹೆಸರುಗಳು ಬಂದಿವೆ. ಪೂರ್ವದ ರೂಪದಲ್ಲಿ ಅದೇ ಆದಿಸ್ವರ ಲೋಪವಾದುದರ ಫಲವೇ ನಮ್ಮ ‘ಶಬಿಯೇರ್’.

ಕನ್ನಡದ ಓದುಗರಿಗೆ ಈ ಸ್ಥಿತಿ ಅಪರಿಚಿತವಲ್ಲ. ದಕ್ಷಿಣದಲ್ಲಿ ‘ಹೊಸಮನೆ’ ಎಂದಿರುವುದು ಉತ್ತರ ಕರ್ನಾಟಕದಲ್ಲಿ ‘ಹೊಸಮನಿ’ ಆಗಿ, ಮನೆತನದ ಹೆಸರಾಗಿ ನೆಲೆನಿಂತಿದೆ. ಪದಾಂತ್ಯದ ಒಂದು ಸ್ವರದಿಂದಲೇ ಮನೆತನವು ಯಾವ ಸೀಮೆಯದೆಂದು ಊಹಿಸಬಹುದು. ‘ಹೊಸಮನಿ’ಯವರು ಇಂದು ಹಳೆಯ ಮನೆಯಲ್ಲಿದ್ದರೂ ಹೆಸರಿಗೆ ಬಾಧೆಯಿಲ್ಲ. ಕೆಟಲಾನ್ ಹಾಗೂ ಇಟಾಲಿಯನ್ ಭಾಷೆಗಳ ‘ಕಾಸನೋವಾ’, ಫ್ರೆಂಚಿನ ‘ಮೇಜೋನ್ನವ್’, ಜರ್ಮನಿನ ‘ನೊಯ್‌ಹೌಸ್’ ಇವೆಲ್ಲ ಇದೇ ಅರ್ಥದ ಹೆಸರುಗಳು. ಒಂದು ಕುಟುಂಬ ಒಡೆದು ಹೊಸ ನೆಲೆ ಹೂಡಿದಾಗ, ಹಳೆಯ ಮನೆಯಿಂದ ಅದನ್ನು ಬೇರ್ಪಡಿಸಿ ಹೇಳಬೇಕಾದ ಅಗತ್ಯವೇ ಇಂತಹ ಹೆಸರುಗಳ ಸಾಮಾನ್ಯ ಮೂಲ.

3. ‘ಬೆರ್ರಿ’ ಹೇಗೆ ‘ಬಿಯೇರ್’ ಆಯಿತು?

ಆದಿಯ ಸ್ವರ ಲೋಪವಾದುದಷ್ಟರಿಂದಲೇ ‘ಎಚಬೆರ್ರಿ’ಯು ‘ಶಬಿಯೇರ್’ ಆಗಲಾರದು. ‘ಬೆರ್’ ಎಂಬಲ್ಲಿ ‘ಬಿಯೇರ್’ ಬಂದುದಕ್ಕೆ ವಿವರಣೆ ಬೇಕು. ಈ ಬದಲಾವಣೆ ಬಾಸ್ಕ್ ಭಾಷೆಯದಲ್ಲ, ನೆರೆಯ ರೊಮಾನ್ಸ್ ನುಡಿಯದು. ಲ್ಯಾಟಿನಿನ ಹ್ರಸ್ವ ಎಕಾರಕ್ಕೆ ಒತ್ತು ಬಿದ್ದಾಗ ಕಸ್ಟೀಲಿಯನ್ ಹಾಗೂ ನವಾರ್ರಾ–ಆರಗಾನ್ ನುಡಿಗಳಲ್ಲಿ ಅದು ‘ಇಯೆ’ ಎಂದು ಒಡೆಯುತ್ತದೆ. ‘ತೆರ್ರಾ’ (ನೆಲ) ‘ತಿಯೆರ್ರಾ’ ಆಯಿತು. ‘ಪೆತ್ರಾ’ (ಕಲ್ಲು) ‘ಪಿಯೆದ್ರಾ’ ಆಯಿತು. ಬಾಸ್ಕ್ ಮಾತಾಡುವ ನೆಲದ ಪೂರ್ವದ ಅಂಚಿನಲ್ಲಿ ರೊಮಾನ್ಸ್ ನುಡಿ ಬೇಗನೆ ಬೇರೂರಿದಾಗ ಅಲ್ಲಿನ ಬಾಸ್ಕ್ ಸ್ಥಳನಾಮಗಳು ಹೊಸ ಮಾತುಗಾರರ ಬಾಯಿಗೆ ಬಂದವು. ಅವರು ಅವನ್ನು ತಮ್ಮದೇ ಪದಗಳಂತೆ ಉಚ್ಚರಿಸಿದರು. ಆದುದರಿಂದ ‘ಬೆರ್ರಿ’ಯು ‘ಬಿಯೇರ್’ ಎಂದು ಒಡೆಯಿತು. ಇದೊಂದು ಒಂಟಿ ಘಟನೆಯಲ್ಲ. ಸಮೀಪದಲ್ಲಿಯೇ ಇರುವ ಇನ್ನೊಂದು ಊರನ್ನು ಬಾಸ್ಕರು ‘ಇರುನ್ಬೆರ್ರಿ’ ಎಂದರೆ ಸ್ಪ್ಯಾನಿಷರು ‘ಲುಂಬಿಯೇರ್’ ಎನ್ನುತ್ತಾರೆ. ಅಲ್ಲಿಯೂ ಅದೇ ‘ಬೆರ್ರಿ’, ಅದೇ ‘ಬಿಯೇರ್’.

ಇನ್ನೂ ಪೂರ್ವಕ್ಕೆ, ಇಂದು ಬಾಸ್ಕ್ ಮಾತೇ ಕೇಳಿಬರದ ಆರಗಾನಿನ ವೆಸ್ಕಾ ಸೀಮೆಯಲ್ಲಿ ಹಾವಿಯೆರ್ರೆ, ಹಾವಿಯೆರ್ರೆಗಾಯ್, ಹಾವಿಯೆರ್ರೆಲಾತ್ರೆ ಎಂಬ ಊರುಗಳಿವೆ. ಬಾಸ್ಕ್ ಭಾಷೆಯೋ ಅದರ ನಿಕಟ ಬಂಧುವೋ ಒಂದು ಕಾಲದಲ್ಲಿ ಪಿರನೀಸಿನ ಉದ್ದಕ್ಕೂ ಇನ್ನಷ್ಟು ದೂರ ಹಬ್ಬಿತ್ತೆಂಬುದಕ್ಕೆ ಇವು ಸಾಕ್ಷಿ. ರಾಮೋನ್ ಮೆನೆಂದೆಸ್ ಪಿದಾಲ್ 1948ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ‘ಹಾವಿಯೇರ್’ ಮತ್ತು ‘ಚಾಬಾರ್ರಿ’ ಎಂಬ ಜೋಡಿಯನ್ನೇ ತಲೆಬರಹದಲ್ಲಿ ಇಟ್ಟುಕೊಂಡು, ಬೆರ್ರಿ–ಬಾರ್ರಿ ಭೇದದ ಮೂಲಕ ಹಳೆಯ ಉಪಭಾಷಾಗಡಿಯನ್ನು ಗುರುತಿಸಲು ಯತ್ನಿಸಿತು. ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕತೆ’ಯಲ್ಲಿ ಊರಹೆಸರುಗಳನ್ನು ಹಿಡಿದು ಕನ್ನಡದ ಹಿಂದಿನ ವ್ಯಾಪ್ತಿಯನ್ನು ಅರಸಿದುದು ಇದೇ ಬಗೆಯ ವಿಧಾನ. ಮಾತಾಡುವವರು ಬದಲಾದರೂ ಊರಹೆಸರು ಅಲ್ಲಿಯೇ ನಿಲ್ಲುತ್ತದೆ.

4. ಸ್ಥಳನಾಮದಿಂದ ವ್ಯಕ್ತಿನಾಮಕ್ಕೆ

‘ಹೊಸಮನೆ’ ಎಂಬುದು ಮಕ್ಕಳಿಗೆ ಇಡುವ ಹೆಸರಾದುದಕ್ಕೆ ಒಬ್ಬನೇ ವ್ಯಕ್ತಿ ಕಾರಣ. 1506ರ ಏಪ್ರಿಲ್ 7ರಂದು ಆ ಕೋಟೆಮನೆಯಲ್ಲಿ ಫ್ರಾನ್ಸಿಸ್ಕೊ ಎಂಬ ಮಗು ಹುಟ್ಟಿತು. ತಂದೆ ಹುವಾನ್ ದೆ ಹಾಸ್ಸೊ ನವಾರ್ರಾ ಅರಸನ ಸಲಹೆಗಾರ; ತಾಯಿ ಮರಿಯಾ ದೆ ಆಸ್ಪಿಲಿಕ್ವೇತಾ ಕೋಟೆಯ ವಾರಸುದಾರಳು. ಈ ಫ್ರಾನ್ಸಿಸ್ಕೊ ಪ್ಯಾರಿಸಿನಲ್ಲಿ ಓದಿ, ಇಗ್ನೇಷಿಯಸ್ ಲೊಯೋಲರ ಜೊತೆಗಾರನಾಗಿ, ಏಸು ಸಭೆಯ ಸ್ಥಾಪಕರಲ್ಲಿ ಒಬ್ಬನೆನಿಸಿ, 1542ರ ಮೇ 6ರಂದು ಗೋವೆಗೆ ಬಂದಿಳಿದನು. ದಕ್ಷಿಣ ಭಾರತದ ಮುತ್ತಿನ ತೀರ, ಮಲಕ್ಕಾ, ಮೊಲುಕ್ಕ ದ್ವೀಪಗಳು, ಜಪಾನ್ ಎಂದು ಹತ್ತು ವರ್ಷ ಸಂಚರಿಸಿ, 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡನು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದು, ಬದುಕಿದ್ದಾಗ ‘ಶಾವಿಯೇರ್’ ಎಂಬುದು ಅವನ ಅಂಕಿತನಾಮವಾಗಿರಲಿಲ್ಲ. ಭಾರತದಲ್ಲಿದ್ದ ಪೋರ್ಚುಗೀಸರು ಅವನನ್ನು ‘ಮೆಸ್ತ್ರೆ ಫ್ರಾನ್ಸಿಸ್ಕೊ’, ಅಂದರೆ ‘ಗುರು ಫ್ರಾನ್ಸಿಸ್ಕೊ’ ಎಂದು ಕರೆಯುತ್ತಿದ್ದರು. ‘ಶಾವಿಯೇರ್’ ಅವನ ಮನೆ ಯಾವುದೆಂದು ಹೇಳುವ ಗುರುತು ಮಾತ್ರ. ಎರಡನೆಯದು, ಆ ಗುರುತಿನ ಅರ್ಥ ಅವನಿಗೆ ಅಪಾರದರ್ಶಕವಾಗಿರಲಿಕ್ಕಿಲ್ಲ. 1544ರಲ್ಲಿ ಬರೆದ ಒಂದು ಪತ್ರದಲ್ಲಿ ಅವನು ಮುತ್ತಿನ ತೀರದ ಜನರ ನುಡಿ ತನಗೂ ತನ್ನ ನುಡಿ ಅವರಿಗೂ ತಿಳಿಯದೆಂದು ಹೇಳುತ್ತ, ತನ್ನ ಹುಟ್ಟುನುಡಿ ಬಾಸ್ಕ್ ಎಂದು ಸ್ಪಷ್ಟಪಡಿಸಿದ್ದಾನೆ. ಬಾಸ್ಕ್ ಭಾಷಾ ದಿನವನ್ನು ಇಂದು ಡಿಸೆಂಬರ್ 3ರಂದು ಆಚರಿಸುವುದು ಅವನ ನೆನಪಿನ ಹಬ್ಬದ ದಿನದಂದೇ.

1622ರ ಮಾರ್ಚ್ 12ರಂದು ಅವನನ್ನು ಸಂತನೆಂದು ಘೋಷಿಸಲಾಯಿತು. ಆಗ ಲ್ಯಾಟಿನಿನಲ್ಲಿ ಅವನ ಹೆಸರು ‘ಫ್ರಾನ್ಸಿಸ್ಕುಸ್ ಕ್ಸವೇರಿಯುಸ್’. ಕಥೋಲಿಕ ಸಂಪ್ರದಾಯದಲ್ಲಿ ಮಗುವಿಗೆ ಸಂತನ ಹೆಸರಿಡುವುದು ರೂಢಿ. ಆದರೆ ಫ್ರಾನ್ಸಿಸ್ ಎಂಬ ಸಂತರು ಅಸ್ಸಿಸಿಯವರಿಂದ ಮೊದಲ್ಗೊಂಡು ಹಲವರಿದ್ದರು. ಯಾವ ಫ್ರಾನ್ಸಿಸ್ ಎಂಬುದು ತಿಳಿಯಬೇಕಾದರೆ ವಿಶೇಷಣವನ್ನೂ ಸೇರಿಸಿ ‘ಫ್ರಾನ್ಸಿಸ್ಕೊ ಹಾವಿಯೇರ್’ ಎಂದು ಜೋಡಿಹೆಸರು ಇಡಬೇಕಾಯಿತು. ಮೆಕ್ಸಿಕೊ ಚರಿತ್ರಕಾರ ಫ್ರಾನ್ಸಿಸ್ಕೊ ಹಾವಿಯೇರ್ ಕ್ಲಾವಿಹೇರೊ (1731–1787), ಸ್ಪೇನಿನ ಅರಸ ಮೂರನೆಯ ಕಾರ್ಲೋಸನ ಮಗ ರಾಜಕುಮಾರ ಫ್ರಾನ್ಸಿಸ್ಕೊ ಹಾವಿಯೇರ್ (1757–1771) ಇಂತಹ ಜೋಡಿಹೆಸರಿನವರು. ಜೋಡಿಯಲ್ಲಿ ಮೊದಲ ಅರ್ಧ ಎಲ್ಲರಿಗೂ ಸಾಮಾನ್ಯ, ಎರಡನೆಯ ಅರ್ಧವೇ ವ್ಯಾವರ್ತಕ. ವ್ಯಾವರ್ತಕ ಭಾಗ ಉಳಿದು ಸಾಮಾನ್ಯ ಭಾಗ ಲೋಪವಾಗುವುದು ಭಾಷೆಯ ಸಹಜ ಮಿತವ್ಯಯ. ಚಿಲಿಯ ಸ್ವಾತಂತ್ರ್ಯಹೋರಾಟದಲ್ಲಿ ಹೆಸರಾದ ಮಹಿಳೆ (1781–1862) ‘ಫ್ರಾನ್ಸಿಸ್ಕಾ ಹಾವಿಯೇರಾ’ ಎಂದು ನಾಮಕರಣಗೊಂಡರೂ ಚರಿತ್ರೆಯಲ್ಲಿ ಉಳಿದುದು ‘ಹಾವಿಯೇರಾ ಕಾರ್ರೆರಾ’ ಎಂದೇ. ಸ್ತ್ರೀಲಿಂಗ ಪ್ರತ್ಯಯ ಹಚ್ಚಿಕೊಂಡುದು ಅದು ಪೂರ್ಣ ಅಂಕಿತನಾಮವಾದುದಕ್ಕೆ ವ್ಯಾಕರಣದ ಮುದ್ರೆ. ಊರಿನ ಹೆಸರಿಗೆ ಸ್ತ್ರೀಲಿಂಗರೂಪ ಬೇಕಾಗುವುದಿಲ್ಲ.

ಸ್ಪ್ಯಾನಿಷಿನಲ್ಲಿ ಇಂತಹ ನಿದರ್ಶನಗಳು ಇನ್ನೂ ಇವೆ. ಫ್ರಾನ್ಸಿಸ್ಕೊ ದೆ ಬೋರ್ಹಾ ಎಂಬ ಸಂತನಿಂದ ‘ಬೋರ್ಹಾ’ ಎಂಬ ಗಂಡುಹೆಸರು ಬಂದಿತು. ಅದೂ ಆರಗಾನಿನ ಒಂದು ಊರು. ಮಾತೆ ಮರಿಯಳ ಕ್ಷೇತ್ರಗಳಿಂದ ಗ್ವಾದಲೂಪೆ, ಮೊನ್ಸೆರ್ರಾತ್, ಲೂರ್ದೆಸ್ ಎಂಬ ಹೆಣ್ಣುಹೆಸರುಗಳು ಬಂದಿವೆ. ಕನ್ನಡನಾಡಿನಲ್ಲಿ ‘ಶ್ರೀಶೈಲ’ ಗಂಡುಮಕ್ಕಳ ಹೆಸರಾದುದು ಇದೇ ಹಾದಿಯಲ್ಲಿ. ಕ್ಷೇತ್ರವು ಅಲ್ಲಿನ ಮಲ್ಲಿಕಾರ್ಜುನನನ್ನು ಸೂಚಿಸಿ, ದೇವರ ಮೂಲಕ ಮಗುವಿನ ಹೆಸರಾಯಿತು. ಎರಡೂ ಕಡೆ ಸ್ಥಳವು ನೇರವಾಗಿ ವ್ಯಕ್ತಿನಾಮವಾಗಿಲ್ಲ. ನಡುವೆ ಪೂಜ್ಯನೊಬ್ಬನ ಮಧ್ಯಸ್ಥಿಕೆ ಇದೆ.

5. ಒಂದು ಅಕ್ಷರ, ಎರಡು ಚರಿತ್ರೆಗಳು

ಈ ಹೆಸರಿನ ಮೊದಲ ಧ್ವನಿಯನ್ನು ಹದಿನಾರನೆಯ ಶತಮಾನದ ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ರೋಮನ್ ಲಿಪಿಯ ‘ಎಕ್ಸ್’ ಅಕ್ಷರದಿಂದ ಬರೆಯುತ್ತಿದ್ದರು. ಆ ಅಕ್ಷರಕ್ಕೆ ಅಂದು ಎರಡೂ ಭಾಷೆಗಳಲ್ಲಿ ಇದ್ದ ಮುಖ್ಯ ಉಚ್ಚಾರಣೆ ‘ಶ’. ಪೋರ್ಚುಗೀಸಿನಲ್ಲಿ ಪದಾದಿಯ ಈ ಅಕ್ಷರಕ್ಕೆ ಇಂದಿಗೂ ‘ಶ’ ಎಂದೇ ಉಚ್ಚಾರಣೆ. ಭಾರತದ ಕಡತಗಳಲ್ಲಿ ಅವರು ‘ಶಾ’ ಎಂಬ ಅರಸು ಬಿರುದನ್ನು ಬರೆದುದು ಇದೇ ಅಕ್ಷರದಿಂದ. ‘ಅಶ್ರಫಿ’ಯಿಂದ ಹುಟ್ಟಿದ ತಮ್ಮ ನಾಣ್ಯದ ಹೆಸರು ‘ಶೆರಾಫಿಂ’ ಅನ್ನು ಬರೆದುದೂ ಇದರಿಂದಲೇ. ರೋಮನ್ ಲಿಪಿಯ ಕೊಂಕಣಿ ಈ ಪದ್ಧತಿಯನ್ನು ಉಳಿಸಿಕೊಂಡಿದೆ. ಗೋವೆಯ ರೋಮನ್ ಬರಹದಲ್ಲಿ ‘ಶೀತ್’ (ಅನ್ನ) ಎಂಬ ಪದ ಆರಂಭವಾಗುವುದು ‘ಎಕ್ಸ್’ ಅಕ್ಷರದಿಂದ.

ಸ್ಪ್ಯಾನಿಷಿನ ಕಥೆ ಬೇರೆ. ಹಳೆಯ ಕಸ್ಟೀಲಿಯನ್ ಭಾಷೆಯಲ್ಲಿ ಅಘೋಷ ‘ಶ’ ಮತ್ತು ಅದರ ಘೋಷರೂಪ ಎರಡೂ ಇದ್ದವು. ಹದಿನಾರನೆಯ ಶತಮಾನದಲ್ಲಿ ಘೋಷರೂಪ ಅಘೋಷವಾಗಿ ಎರಡೂ ಒಂದಾದವು. ಆಗ ಬಾಯಿಯ ಮುಂಭಾಗದಲ್ಲಿ ಒಂದಕ್ಕೊಂದು ತೀರ ಹತ್ತಿರವಾಗಿ ಮೂರು ಊಷ್ಮಧ್ವನಿಗಳು ಉಳಿದವು. ಅವುಗಳ ನಡುವಿನ ಗೊಂದಲವನ್ನು ಭಾಷೆಯೇ ಬಗೆಹರಿಸಿಕೊಂಡಿತು: ‘ಶ’ಕಾರ ಹಿಂದೆ ಸರಿದು ಹದಿನೇಳನೆಯ ಶತಮಾನದ ಮಧ್ಯದ ವೇಳೆಗೆ ಕಂಠ್ಯ ಘರ್ಷಧ್ವನಿಯಾಗಿ ನೆಲೆಸಿತು. ಉರ್ದುವಿನ ‘ಖ಼ಬರ್’ ಪದದ ಮೊದಲ ಧ್ವನಿ ಅದಕ್ಕೆ ತೀರ ಸಮೀಪ; ಕನ್ನಡದಲ್ಲಿ ನಾವು ಅದನ್ನು ‘ಹ’ ಎಂದು ಬರೆಯುತ್ತೇವೆ. ಸ್ಪ್ಯಾನಿಷ್ ಅಕಾಡೆಮಿ 1815ರಲ್ಲಿ ಈ ಧ್ವನಿಗೆ ‘ಎಕ್ಸ್’ ಬದಲು ‘ಜೆ’ ಅಕ್ಷರವನ್ನು ವಿಧಿಸಿದ ಮೇಲೆ ಹೆಸರಿನ ಬರಹವೂ ಬದಲಾಯಿತು. ‘ಮೆಕ್ಸಿಕೊ’ ಮಾತ್ರ ತನ್ನ ಹಳೆಯ ಅಕ್ಷರವನ್ನು ಬಿಡಲಿಲ್ಲ; ಆದರೆ ಅಲ್ಲಿನವರು ಓದುವುದು ‘ಮೆಹಿಕೊ’ ಎಂದು.

ಈ ಧ್ವನಿವ್ಯತ್ಯಾಸಕ್ಕೆ ಸಾಹಿತ್ಯದಲ್ಲಿ ಒಂದು ಪ್ರಸಿದ್ಧ ಸಾಕ್ಷಿಯಿದೆ. 1605ರಲ್ಲಿ ಮೊದಲ ಭಾಗ ಪ್ರಕಟವಾದ ಸೆರ್ವಾಂತೆಸನ ಕಾದಂಬರಿಯ ನಾಯಕನನ್ನು ಫ್ರೆಂಚರು ‘ಕಿಶೋತ್’ ಎಂದೂ ಇಟಾಲಿಯನ್ನರು ‘ಕಿಶೊತ್ತೆ’ ಎಂದೂ ಕರೆಯುತ್ತಾರೆ. ಅವರು ಹೆಸರನ್ನು ಪಡೆದಾಗ ‘ಶ’ಕಾರ ಇನ್ನೂ ಕಿವಿಗೆ ಬೀಳುತ್ತಿತ್ತು. ಇಂದಿನ ಸ್ಪ್ಯಾನಿಷರು ‘ಕಿಹೋತೆ’ ಎನ್ನುತ್ತಾರೆ. ಇಂಗ್ಲಿಷಿನ ಬರಹವನ್ನು ಕಣ್ಣಿನಿಂದ ಓದಿದ ನಾವು ‘ಡಾನ್ ಕ್ವಿಕ್ಸೋಟ್’ ಎನ್ನುತ್ತೇವೆ.

6. ಕಿವಿ, ಕಣ್ಣು, ಪಾಠ

ಮೇಲಿನ ಜೋಡಣೆಯನ್ನು ನಮ್ಮ ಹೆಸರಿಗೂ ವಿಸ್ತರಿಸಬಹುದು. ಅದು ಅನ್ಯಭಾಷೆಗಳನ್ನು ಮೂರು ದಾರಿಗಳಲ್ಲಿ ತಲುಪಿದೆ.

ಒಂದನೆಯದು ಕಿವಿಯ ದಾರಿ. ಪೋರ್ಚುಗೀಸರ ಒಡನಾಟವಿದ್ದ ಗೋವೆಯಲ್ಲಿ ‘ಶ’ಕಾರಯುಕ್ತ ರೂಪ ಉಳಿದಿರುವುದು ಇದರಿಂದ. ಹದಿನಾರನೆಯ ಶತಮಾನದ ಉಚ್ಚಾರಣೆಗೆ ಇದೇ ಹೆಚ್ಚು ನಿಕಟ.

ಎರಡನೆಯದು ಕಣ್ಣಿನ ದಾರಿ. ಅಕ್ಷರವನ್ನು ಕಂಡು, ತಮ್ಮ ಭಾಷೆಯಲ್ಲಿ ಆ ಅಕ್ಷರಕ್ಕಿರುವ ಧ್ವನಿಯನ್ನು ಕೊಟ್ಟವರು ಈ ದಾರಿಯವರು. ಜರ್ಮನಿನ ‘ಕ್ಸಾವರ್’, ಫ್ರೆಂಚಿನ ‘ಗ್ಸಾವಿಯೆ’, ಪೋಲಿಷಿನ ‘ಕ್ಸಾವೆರಿ’ ಇಂತಹವು. ಇಂಗ್ಲಿಷಿನಲ್ಲಿ ಪದಾದಿಯ ಆ ಅಕ್ಷರ ‘ಝ’ ಆಗುವ ನಿಯಮವಿರುವುದರಿಂದ ‘ಝೇವಿಯರ್’ ಬಂದಿತು. ಮೊಜಾರ್ಟನ ಕಿರಿಯ ಮಗ ‘ಫ್ರಾನ್ಸ್ ಕ್ಸಾವರ್’ (1791–1844) ಎಂಬ ಹೆಸರಿನಲ್ಲಿ ಬಾಸ್ಕ್ ‘ಮನೆ’ಯು ವಿಯೆನ್ನಾದವರೆಗೂ ಹೋಗಿದೆ.

ಮೂರನೆಯದು ಪಾಠದ ದಾರಿ, ಅಂದರೆ ಲ್ಯಾಟಿನ್ ಪ್ರಾರ್ಥನಾಪಾಠದ ‘ಕ್ಸವೇರಿಯುಸ್’ ರೂಪದ ಮೂಲಕ. ಲ್ಯಾಟಿನಿನ ‘ಕ್ಸ’ವು ಇಟಾಲಿಯನ್ನಿನಲ್ಲಿ ಸಾಮಾನ್ಯವಾಗಿ ‘ಸ’ ಆಗುತ್ತದೆ. ‘ಅಲೆಕ್ಸಾಂದರ್’ ‘ಅಲೆಸ್ಸಾಂದ್ರೊ’ ಆದಂತೆ ಈ ಹೆಸರು ‘ಸವೇರಿಯೊ’ ಆಯಿತು. ‘ವಿಯೇ’ ಎಂಬಲ್ಲಿ ‘ವೇರಿ’ ಇರುವುದು ಈ ದಾರಿಯ ಸ್ಪಷ್ಟ ಗುರುತು. ಬಾಸ್ಕ್–ಪೋರ್ಚುಗೀಸ್ ರೂಪದಲ್ಲಿ ವಕಾರದ (ಬಕಾರದ) ಅನಂತರ ಇಕಾರ, ಲ್ಯಾಟಿನ್ ರೂಪದಲ್ಲಿ ಏಕಾರ.

7. ದಕ್ಷಿಣ ಭಾರತದ ರೂಪಗಳು

ತಮಿಳಿನಲ್ಲಿ ಈ ಸಂತನ ಹೆಸರು ‘ಸವೇರಿಯಾರ್’. ಅದರ ‘ವೇರಿ’ಯು ಮೂರನೆಯ ದಾರಿಯನ್ನು ಸೂಚಿಸುತ್ತದೆ, ಕೊನೆಯ ‘ಆರ್’ ತಮಿಳಿನ ಗೌರವಪ್ರತ್ಯಯ, ಕನ್ನಡದ ‘ಅರು’ವಿಗೆ ಸಮಾನ. ಇಷ್ಟಕ್ಕೇ ನಿಲ್ಲದೆ ಆ ಹೆಸರು ತಮಿಳಿನ ನಾಮರಚನೆಯೊಳಗೆ ಸೇರಿಹೋಯಿತು. ಸವೇರಿಮುತ್ತು, ಸವರಿಮುತ್ತು, ಸವರಿರಾಯನ್ ಎಂಬ ಸಮಸ್ತನಾಮಗಳು ಹುಟ್ಟಿದವು. ‘ಮುತ್ತು’, ‘ರಾಯ’ ಇವು ತಮಿಳು ಹೆಸರುಗಳಲ್ಲಿ ಮತಭೇದವಿಲ್ಲದೆ ಬಳಕೆಯಾಗುವ ಉತ್ತರಪದಗಳು. ಮಲೆಯಾಳದಲ್ಲಿ ‘ಸೇವ್ಯರ್’ ರೂಪ ಪ್ರಚುರವಾಗಿದೆ.

ತೆಲುಗು ಕಥೋಲಿಕರಲ್ಲಿ ಬಳಕೆಯಲ್ಲಿರುವ ‘ಶೌರಿ’, ‘ಶೌರಯ್ಯ’ ಮತ್ತು ಕನ್ನಡ ಕಥೋಲಿಕರ ‘ಚೌರಪ್ಪ’ ನಮ್ಮ ಚರ್ಚೆಗೆ ಇನ್ನಷ್ಟು ಮುಖ್ಯ. ಇವು ‘ಸವರಿ’ ರೂಪದಿಂದ ನಿಯಮಬದ್ಧವಾಗಿಯೇ ಬಂದಿವೆ ಎಂಬುದು ನಮ್ಮ ವಾದ. ‘ಸವೇರಿ’ಯ ಒತ್ತಿಲ್ಲದ ಸ್ವರ ದುರ್ಬಲವಾಗಿ ‘ಸವರಿ’ ಆಯಿತು. ‘ಅವ’, ‘ಅವು’ಗಳು ‘ಔ’ ಆಗುವುದು ನಮ್ಮ ಭಾಷೆಗಳಲ್ಲಿ ದಿನನಿತ್ಯ ಕಾಣುವ ಸಂಗತಿ. ‘ಕವುದಿ–ಕೌದಿ’ ಜೋಡಿಯನ್ನು ನೆನೆಯಬಹುದು. ಇನ್ನು ಸ, ಶ, ಚ ಇವುಗಳ ಹೊಯ್ದಾಟಕ್ಕೆ ತಮಿಳು ಲಿಪಿಯ ಒಂದೇ ಅಕ್ಷರವು ಚಕಾರ–ಸಕಾರಗಳೆರಡಕ್ಕೂ ಸಲ್ಲುವುದು ಕಾರಣವಾಗಬಲ್ಲದು. ಕೊನೆಯಲ್ಲಿ ‘ಅಪ್ಪ’ ಸೇರಿ ಹೆಸರು ಪೂರ್ಣವಾಗಿ ಕನ್ನಡದ್ದಾಯಿತು. ‘ಇಗ್ನೇಷಿಯಸ್’ನಿಂದ ಬಂದ ‘ಇನ್ನಾಸಪ್ಪ’ ಇದೇ ಎರಕದ್ದು.

ಇಲ್ಲಿ ಅರ್ಥದ ದೃಷ್ಟಿಯಿಂದ ಒಂದು ವಿಶೇಷವಿದೆ. ‘ಶೌರಿ’ ಎಂಬುದು ಸಂಸ್ಕೃತದಲ್ಲಿ ಮೊದಲೇ ಇದ್ದ ಪದ, ಶೂರನ ವಂಶದವನಾದ ಕೃಷ್ಣನ ಹೆಸರು. ಕೇಳುವವರಿಗೆ ‘ಶೌರ್ಯ’ವೂ ನೆನಪಾಗುತ್ತದೆ. ನವಾರ್ರಾದಲ್ಲಿ ‘ಹೊಸಮನೆ’ ಎಂಬ ಅರ್ಥ ಹೊತ್ತು ಹುಟ್ಟಿ, ರೊಮಾನ್ಸ್ ನುಡಿಯಲ್ಲಿ ಆ ಅರ್ಥವನ್ನು ಕಳೆದುಕೊಂಡು ಬರಿಯ ಅಂಕಿತವಾಗಿ ಉಳಿದ ಹೆಸರು, ಸಾವಿರಾರು ಮೈಲಿ ದೂರದ ಇನ್ನೊಂದು ಭಾಷೆಯಲ್ಲಿ ಹೊಸ ಅರ್ಥವನ್ನು ಪಡೆಯಿತು. ಅಂಕಿತನಾಮ ಅರ್ಥಹೀನವೆಂಬ ಮಿಲ್ಲನ ನಿಲುವಿಗೆ ಇದೊಂದು ತಿದ್ದುಪಡಿ. ಹೆಸರು ಅರ್ಥವಿಲ್ಲದೆ ಬಾಳಬಲ್ಲದು, ನಿಜ. ಆದರೆ ಬಳಸುವ ಸಮುದಾಯ ಅದರಲ್ಲಿ ಅರ್ಥವನ್ನು ಅರಸುವುದನ್ನು ನಿಲ್ಲಿಸುವುದಿಲ್ಲ.

8. ಹೆಸರು ಮತ್ತು ನೋಂದಣಿ

ರೂಪಭೇದಗಳ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಲ್ಲ ಎಂಬುದಕ್ಕೆ ಹೆಸರಿನ ತವರೇ ನಿದರ್ಶನ. ಸ್ಪೇನಿನ ಅಂತರ್ಯುದ್ಧದ ನಡುವೆ, 1938ರ ಮೇ ತಿಂಗಳಲ್ಲಿ, ಫ್ರಾಂಕೊ ಆಡಳಿತದ ಆದೇಶವೊಂದು ಜನನ ನೋಂದಣಿಯಲ್ಲಿ ಸ್ಪ್ಯಾನಿಷೇತರ ಹೆಸರುಗಳನ್ನು ನಿಷೇಧಿಸಿತು. ಬಾಸ್ಕ್ ತಂದೆತಾಯಿ ಮಗುವಿಗೆ ‘ಶಬಿಯೇರ್’ ಎಂದು ಇಟ್ಟರೂ ಸರಕಾರಿ ದಾಖಲೆಯಲ್ಲಿ ‘ಹಾವಿಯೇರ್’ ಎಂದೇ ಬರೆಸಬೇಕಿತ್ತು. ಬಾಸ್ಕ್ ಮೂಲದ ಹೆಸರು ಬಾಸ್ಕ್ ರೂಪದಲ್ಲಿಯೇ ನಿಷಿದ್ಧವಾಗಿ, ರೊಮಾನ್ಸ್ ಬಾಯಿ ಮಾರ್ಪಡಿಸಿದ ರೂಪವೊಂದೇ ಅಧಿಕೃತವೆನಿಸಿತು. ಸ್ಪೇನಿನ ಯಾವುದೇ ಭಾಷೆಯಲ್ಲಿ ಹೆಸರಿಡಲು ಅವಕಾಶ ಕೊಟ್ಟ 1977ರ ಕಾನೂನಿನ ಬಳಿಕ ‘ಶಬಿಯೇರ್’ ದಾಖಲೆಗಳಿಗೆ ಮರಳಿತು. ಎರಡು ರೂಪಗಳ ನಡುವೆ ಇರುವುದು ಒಂದು ಧ್ವನಿಯ ಅಂತರ. ಆದರೆ ಆ ಧ್ವನಿಯಲ್ಲಿ ಒಂದು ಭಾಷಾಸಮುದಾಯದ ಸ್ವಾಭಿಮಾನ ಅಡಗಿತ್ತು.

ಹಾಗೆಂದು ‘ಹಾವಿಯೇರ್’ ರೂಪ ಕೃತಕವೆನ್ನಲಾಗದು. ಅದು ಸ್ಪ್ಯಾನಿಷ್ ಮಾತುಗಾರರ ಬಾಯಲ್ಲಿ ಸಹಜವಾಗಿ ಬೆಳೆದುದು. ದೋಷವಿದ್ದುದು ರೂಪದಲ್ಲಲ್ಲ, ಒಂದು ರೂಪವನ್ನಷ್ಟೇ ಒಪ್ಪುವ ಆದೇಶದಲ್ಲಿ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಲಿಪ್ಯಂತರಕ್ಕೆ ಸಂಬಂಧಿಸಿದ ಕೆಲವು ಸೂಚನೆಗಳನ್ನು ಮುಂದಿಡಬಹುದು. ಇಂದಿನ ಸ್ಪ್ಯಾನಿಷ್ ವ್ಯಕ್ತಿಗಳ ಹೆಸರನ್ನು ‘ಹಾವಿಯೇರ್’ ಎಂದೂ ಬಾಸ್ಕ್ ವ್ಯಕ್ತಿಗಳದನ್ನು ‘ಶಬಿಯೇರ್’ ಎಂದೂ ಬರೆಯುವುದು ಯುಕ್ತ. ಪೋರ್ಚುಗೀಸ್ ದಾಖಲೆಗಳನ್ನು ಅನುವಾದಿಸುವಾಗ ‘ಶಾವಿಯೇರ್’ ಸಲ್ಲುತ್ತದೆ. ಸಂತನ ಹೆಸರಿಗೆ ಕನ್ನಡದಲ್ಲಿ ರೂಢಿಗೆ ಬಂದಿರುವ ಝೇವಿಯರ್, ಕ್ಸೇವಿಯರ್‌ಗಳನ್ನು ಕಿತ್ತುಹಾಕಬೇಕಿಲ್ಲ. ಆದರೆ ಅವೇ ಮೂಲರೂಪಗಳೆಂಬ ಭಾವನೆಯನ್ನು ಬಿಡಬೇಕು. ಅವು ಅಕ್ಷರದ ಮೂಲಕ, ಮುಖ್ಯವಾಗಿ ಇಂಗ್ಲಿಷ್ ಓದಿನ ಮೂಲಕ ಬಂದವು. ಗ್ರಂಥಸೂಚಿಗಳಲ್ಲಿ ಒಂದು ರೂಪದಿಂದ ಇನ್ನೊಂದಕ್ಕೆ ಪರಸ್ಪರ ನಿರ್ದೇಶನ ಕೊಟ್ಟರೆ ಓದುಗನ ತೊಡಕು ನೀಗುತ್ತದೆ.

ಬದುಕಿರುವ ವ್ಯಕ್ತಿಯ ಹೆಸರಿನ ವಿಷಯದಲ್ಲಿ ಮಾತ್ರ ನಿಯಮ ಒಂದೇ: ಅವರು ಹೇಳಿದ್ದೇ ರೂಪ. ‘ಚೌರಪ್ಪ’ ಎಂದು ಹೆಸರು ಹೇಳಿದವರನ್ನು ದಾಖಲೆಯಲ್ಲಿ ‘ಝೇವಿಯರ್’ ಎಂದು ತಿದ್ದುವ ಲಿಪಿಕಾರ ಹೆಸರನ್ನು ಶುದ್ಧಗೊಳಿಸುತ್ತಿಲ್ಲ. ಲ್ಯಾಟಿನ್, ತಮಿಳು, ಕನ್ನಡಗಳ ಮೂಲಕ ತಲೆಮಾರುಗಳು ಸಾಗಿಸಿದ ರೂಪದ ಮೇಲೆ, ಇಂಗ್ಲಿಷ್ ಕಣ್ಣು ಓದಿದ ಇನ್ನೊಂದು ರೂಪವನ್ನು ಹೇರುತ್ತಿದ್ದಾನೆ. ಎರಡಕ್ಕೂ ಬೇರು ಒಂದೇ ಕೋಟೆಮನೆ. ಆ ಮನೆಯನ್ನು ಮೊದಲು ‘ಹೊಸತು’ ಎಂದು ಕರೆದ ಬಾಸ್ಕ್ ಒಕ್ಕಲಿನ ಕಿವಿಗೆ ಇವೆರಡೂ ಸಮಾನವಾಗಿಯೇ ಅಪರಿಚಿತವಾಗಿರುತ್ತಿದ್ದವು.